ಬಿಸಿಲಿನ ದಿನದ ಮಿಗಾಸ್

ಬೆಳಗಿನ ಬಿಸಿಲು ಬಿದ್ದು ಎಷ್ಟೋ ಹೊತ್ತಾಗಿತ್ತು. ಕುಸ್ತೋದಿಯಾ ಸೊಂಟದ ಮೇಲೆ ಎರಡೂ ಕೈಯಿಟ್ಟು ಬೋಳು ಮಾಳಿಗೆಯ ಅಂಚಿನಲ್ಲಿ ನಿಂತು ಕೆಳಗಿನ ರಸ್ತೆಯನ್ನೇ ನೋಡುತ್ತಿದ್ದಳು. ಕಣಿವೆಯಿಂದ ಗುಡ್ಡದೂರು ಬೆನಾಸಿರಕ್ಕೆ ಹತ್ತಿಬರುವ ಆ ರಸ್ತೆಯಲ್ಲಿ ಹಿಟ್ಟಿನ ವ್ಯಾನು ಬಂತು, ಬಸ್ಸು ಬಂತು, ಯಾರದೋ ಹೇಸರಗತ್ತೆ ಬಂತು. ಕೆಲಸದವರ ಗಾಡಿ ಮಾತ್ರ ಬರಲಿಲ್ಲ.

ನಿನ್ನೆ ಅವರೇ ಬಂದು ಮಾಳಿಗೆಯ ಹಳೆಯ ಮಣ್ಣನ್ನೆಲ್ಲ ಕೆರೆದು ಕೆಳಗೆ ಸುರಿದಿದ್ದರು. ಒಡೆದ ಚಪ್ಪಡಿ ಕಿತ್ತು ಹೊಸದು ಕೂರಿಸಿದ್ದರು. ಈಗ ಮನೆಯ ಮೇಲೆ ಉಳಿದಿದ್ದುದು ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಚಪ್ಪಡಿ, ಅಷ್ಟೇ. ಸಂದಿಯಲ್ಲಿ ಬಗ್ಗಿ ನೋಡಿದರೆ ಒಳಗಿನ ಮಂಚ ಕಾಣುತ್ತಿತ್ತು, ಮಂಚದ ಮೇಲಿನ ಮಡಿಸದ ಕಂಬಳಿಯೂ ಕಾಣುತ್ತಿತ್ತು. ಒಂದು ಮಳೆ ಬಿದ್ದರೆ ಸಾಕು, ಗಂಡ ಹಸಿಂತೋನ ದಿಂಬಿನ ಮೇಲೆ ಬಕೆಟ್ಟು ಇಡಬೇಕು.

ಮನೆ ಬಾಗಿಲಲ್ಲಿ ಲೌನಾ ಗುಡ್ಡೆ ಬಿದ್ದಿತ್ತು. ಹಳ್ಳದಾಚೆಯ ದಿಣ್ಣೆಯಿಂದ ಅಗೆದು ತಂದ ನೀಲಿಬೂದು ಮಣ್ಣು ಅದು. ಮಾಳಿಗೆಯ ಮೇಲೆ ಹರಡಿ ತುಳಿದರೆ ಹನಿ ನೀರೂ ಒಳಗಿಳಿಯದು. ಆದರೆ ಅದನ್ನು ಕೃಷ್ಣಪಕ್ಷದಲ್ಲೇ ಹಾಕಬೇಕು. ಚಂದ್ರ ಬೆಳೆಯುವಾಗ ಹಾಕಿದ ಲೌನಾ ಬಿರುಕು ಬಿಡುತ್ತದೆ, ಗಾಳಿಗೆ ಹಾರಿಹೋಗುತ್ತದೆ. ಬೆನಾಸಿರದಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ನಡೆಯಲು ಕಲಿತಷ್ಟೇ ಸಹಜವಾಗಿ ಎಲ್ಲರಿಗೂ ಗೊತ್ತಿರುತ್ತದೆ. ನಾಳೆ ಅಮಾವಾಸ್ಯೆ. ಮುಂದಿನ ಕೃಷ್ಣಪಕ್ಷದ ಹೊತ್ತಿಗೆ ಮೇಲೆ ಸಿಯೆರ್ರಾ ಬೆಟ್ಟಸಾಲಿನಲ್ಲಿ ಹಿಮ ಬಿದ್ದಿರುತ್ತದೆ, ಇಲ್ಲಿ ಮಳೆ ಹಿಡಿದಿರುತ್ತದೆ. ಅಂದರೆ ಇವತ್ತೇ ಮಣ್ಣು ಬೀಳಬೇಕು. ಇಲ್ಲವಾದರೆ ಚಳಿಗಾಲ ಪೂರ್ತಿ ಮಂಚವನ್ನು ಅಡುಗೆಮನೆಗೆ ಎಳೆದುಕೊಂಡು ಮಲಗಬೇಕು.

"ಬರ್ತಾರೆ ಬಿಡು," ಎಂದ ಹಸಿಂತೋ ಓಣಿಯಿಂದ. ಅವನು ಮಣ್ಣಿನ ಗುಡ್ಡೆಗೆ ಒರಗಿ ಕುರ್ಚಿ ಹಾಕಿಕೊಂಡು ಕೂತಿದ್ದ. ಎರಡು ವರ್ಷದ ಹಿಂದೆ ಆಲಿವ್ ಮರದಿಂದ ಬಿದ್ದ ಮೇಲೆ ಅವನ ಸೊಂಟ ಭಾರ ಎತ್ತುವ ಕೆಲಸಕ್ಕೆ ಒಪ್ಪುತ್ತಿರಲಿಲ್ಲ. "ಪೇಟೆ ಜನ. ಅವರ ಬೆಳಿಗ್ಗೆ ಅಂದ್ರೆ ನಮ್ಮ ಮಧ್ಯಾಹ್ನ."

"ನಿನಗೆ ಕಾಗದ ಬರೆದು ಹೇಳಿದ್ರಾ?"

"ಇಲ್ಲ."

"ಹಾಗಾದ್ರೆ ಸುಮ್ನೆ ಕೂತ್ಕೋ."

ಹಸಿಂತೋ ಸುಮ್ಮನೆ ಕೂತ. ಮದುವೆಯಾದಾಗಿನಿಂದ ಅವನಿಗೆ ಅದು ಚೆನ್ನಾಗಿ ಅಭ್ಯಾಸವಾಗಿತ್ತು, ಅದರಿಂದ ಅವನೇನೂ ಬಡವಾಗಿರಲಿಲ್ಲ.

ಅಸಲಿಗೆ ಬೆನಾಸಿರದಲ್ಲಿ ಮಾಳಿಗೆಗೆ ಮಣ್ಣು ಹಾಕಲು ಕೂಲಿಯವರನ್ನು ಯಾರೂ ಕರೆಯುವುದಿಲ್ಲ. ಮನೆ ಬಾಗಿಲಲ್ಲಿ ಲೌನಾ ಸುರಿದಿದೆ ಎಂದರೆ ಅದೇ ಕರೆ. ಬೆಳಗಾದರೆ ಓಣಿಯವರೆಲ್ಲ ಬುಟ್ಟಿ, ಸಲಿಕೆ ತಂದು ನಿಲ್ಲುತ್ತಾರೆ, ಸಂಜೆಗೆ ಮಾಳಿಗೆ ಮುಗಿಯುತ್ತದೆ. ಮನೆಯವರು ಊಟ, ವೈನ್ ಕೊಡುತ್ತಾರೆ. ನಾಳೆ ಇನ್ನೊಬ್ಬರದು. ಹಾಗಿದ್ದೂ ಕುಸ್ತೋದಿಯಾಳ ಬಾಗಿಲಲ್ಲಿ ಒಂದು ವಾರದಿಂದ ಮಣ್ಣು ಬಿದ್ದಿದ್ದರೂ ಒಬ್ಬರೂ ತಿರುಗಿ ನೋಡಿರಲಿಲ್ಲ. ನೋಡುವ ಹಾಗೆ ಅವಳು ಇಟ್ಟುಕೊಂಡಿರಲಿಲ್ಲ.

ವಸಂತದಲ್ಲಿ ಎದುರುಮನೆಯ ಗಾಬಿನೋ ತನ್ನ ಮಾಳಿಗೆಗೆ ಮಣ್ಣು ಹಾಕಿಸಿದ. ಕುಸ್ತೋದಿಯಾಳೂ ಹೋಗಿದ್ದಳು. ಒಂದು ಹಿಡಿ ಲೌನಾ ಕೈಯಲ್ಲಿ ಉಜ್ಜಿ ನೋಡಿದವಳೇ, "ಇದೇನಯ್ಯಾ, ಅರ್ಧ ಮರಳು. ಕೋಳಿ ಹೊರಳಾಡೋಕೆ ಸರಿ, ಮನೆಗಲ್ಲ," ಎಂದಳು. ಎಲ್ಲರೂ ನಕ್ಕರು. ಗಾಬಿನೋ ನಗಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವನು ಮೊದಲ ಸಲ ತಾನೇ ಮುಂದೆ ನಿಂತು ಮಾಡಿಸುತ್ತಿದ್ದ ಕೆಲಸ ಅದು. "ಸರಿಯಿಲ್ಲದಿದ್ರೆ ಮನೆಗೆ ಹೋಗು," ಎಂದುಬಿಟ್ಟ. ಕುಸ್ತೋದಿಯಾ ತಲೆಯ ಮೇಲಿದ್ದ ಬುಟ್ಟಿಯನ್ನು ತಾನು ನಿಂತಿದ್ದ ಮೂಲೆಯಲ್ಲೇ ಕೆಳಗಿಟ್ಟು ನಡೆದಳು. ಅಷ್ಟಕ್ಕೇ ಬಿಡಲಿಲ್ಲ. ಭಾನುವಾರ ಚರ್ಚಿನ ಪೂಜೆ ಮುಗಿದು ಎಲ್ಲರೂ ಕಾರಂಜಿಯ ಬಳಿ ನಿಂತಿದ್ದಾಗ, "ನನ್ನ ಮಾಳಿಗೆಗೆ ನಿಮ್ಮ ಯಾರ ಕಾಲೂ ಬೇಡ. ಕೂಲಿ ಕೊಟ್ಟು ಕರೆಸ್ತೀನಿ," ಎಂದು ಸಾರಿದಳು. ಮರಳಿನ ಮಾತನ್ನಾದರೂ ಓಣಿ ಮರೆಯುತ್ತಿತ್ತೇನೋ. ಕೂಲಿಯ ಮಾತನ್ನು ಮರೆಯಲಿಲ್ಲ.

ಹಸಿಂತೋ ಎದ್ದು ನಿಧಾನವಾಗಿ ಕಾರಂಜಿಯ ಕಡೆ ಹೋದ. ಫೋನಿಗೆ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ವಾಪಸು ಬರುವಾಗ ಅವನ ನಡಿಗೆ ಇನ್ನೂ ನಿಧಾನವಾಗಿತ್ತು. ಅದನ್ನು ಕಂಡೇ ಕುಸ್ತೋದಿಯಾಳಿಗೆ ವಿಷಯ ಗೊತ್ತಾಯಿತು.

"ಹೇಳು."

"ಕೆಳಗಿಳಿದು ಬಾ, ಹೇಳ್ತೀನಿ."

"ಇಲ್ಲಿಂದಲೇ ಕೇಳುತ್ತೆ."

"ಕರಾವಳಿಯಲ್ಲಿ ಯಾರದೋ ಈಜುಕೊಳದ ಕೆಲಸ ಸಿಕ್ಕಿದೆಯಂತೆ. ಬರೋ ವಾರ ಬರ್ತೀವಿ ಅಂದ್ರು." ಹಸಿಂತೋ ಟೋಪಿ ತೆಗೆದು ತಲೆ ಕೆರೆದ. "ನಾನು ಚಂದ್ರನ ವಿಷಯ ಹೇಳಿದೆ. ಮೇಸ್ತ್ರಿ ನಕ್ಕ."

ಕುಸ್ತೋದಿಯಾ ಏಣಿಯಿಂದ ಇಳಿದು ಬಂದಳು. ಆ ಮೇಸ್ತ್ರಿಗೆ, ಅವನಮ್ಮನಿಗೆ, ಆ ಕೊಳದಲ್ಲಿ ಈಜಲಿರುವ ಪ್ರತಿಯೊಬ್ಬರಿಗೂ ಅವಳು ಕೊಟ್ಟ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ಹಸಿಂತೋ ಟೋಪಿ ಕೈಯಲ್ಲಿ ಹಿಡಿದು, ಜೋರು ಗಾಳಿ ಕಳೆಯಲೆಂದು ಮರೆಯಲ್ಲಿ ನಿಂತವನ ಹಾಗೆ ನಿಂತಿದ್ದ.

"ಗಾಬಿನೋನ್ನ ಒಂದು ಮಾತು ಕೇಳಲಾ?" ಎಂದ ಕೊನೆಗೆ.

"ಕೇಳು. ಆಮೇಲೆ ರಾತ್ರಿ ಅವನ ಮನೇಲೇ ಮಲಗು."

ಮುಗಿಯಿತು. ಅವಳು ಒಳಗೆ ಹೋದಳು. ಕೆಲಸದವರಿಗೆಂದು ಬೆಳಿಗ್ಗೆಯೇ ಒಲೆಯ ಪಕ್ಕ ಎಲ್ಲ ತೆಗೆದಿಟ್ಟಿದ್ದಳು: ರವೆ, ಎರಡು ಗಡ್ಡೆ ಬೆಳ್ಳುಳ್ಳಿ, ಒಣಮೆಣಸು, ಆಲಿವ್ ಎಣ್ಣೆ, ಉಪ್ಪು ಹಾಕಿದ ಮೀನು. ನಾಲ್ಕು ಗಂಡಸರ ಹೊಟ್ಟೆ ಸಂಜೆಯ ತನಕ ಗಟ್ಟಿಯಾಗಿ ನಿಲ್ಲಬೇಕೆಂದರೆ ಮಿಗಾಸ್‌ಗಿಂತ ಬೇರೆ ಏನಿದೆ? ರವೆಗೆ ಆಗಲೇ ಉಪ್ಪುನೀರು ಚಿಮುಕಿಸಿಯೂ ಆಗಿತ್ತು. ಬಿಸಾಡುವ ಪೈಕಿ ಅವಳಲ್ಲ. ದೊಡ್ಡ ಬಾಣಲೆ ಒಲೆಯ ಮೇಲೆ ಏರಿತು, ಬಾದಾಮಿ ಸಿಪ್ಪೆ ಬೆಂಕಿಗೆ ಬಿತ್ತು, ಬೆಳ್ಳುಳ್ಳಿ ಸಿಪ್ಪೆ ಸಮೇತ ಎಣ್ಣೆಗೆ ಬಿತ್ತು. ಆಮೇಲೆ ರವೆ. ಅದನ್ನು ಉಂಡೆಗಟ್ಟಲು ಬಿಡದೆ, ತಳ ಹಿಡಿಯಲು ಬಿಡದೆ, ಉದುರುದುರಾಗುವ ತನಕ ಕಲಕುತ್ತಲೇ ಇರಬೇಕು. ಕೋಪ ಬಂದ ಹೆಂಗಸಿಗೆ ಅದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದಿಲ್ಲ. ಒಂದೊಂದು ಸಲ ಸಟ್ಟುಗ ತಿರುವುವಾಗಲೂ ಆ ಮೇಸ್ತ್ರಿಯ ಮುಖ ಅಲ್ಲಿತ್ತು.

"ಇವತ್ತು ಮಿಗಾಸಾ?" ಎಂದ ಹಸಿಂತೋ ಬಾಗಿಲಲ್ಲಿ ನಿಂತು, ಆಕಾಶದ ಕಡೆ ಒಮ್ಮೆ ನೋಡಿ.

"ಯಾಕೆ, ನಿನ್ನ ಹೊಟ್ಟೆ ಬೇಡ ಅಂತಾ?"

"ಹೊಟ್ಟೆ ಏನೂ ಅನ್ನಲ್ಲ," ಎಂದು ಅವನು ಮತ್ತೆ ಕುರ್ಚಿಗೆ ಹೋದ.

ಹಸಿಂತೋ ಆಕಾಶ ನೋಡಿದ್ದಕ್ಕೆ ಕಾರಣವಿತ್ತು. ಮಳೆ ಬಂದರೆ ಬೆನಾಸಿರದಲ್ಲಿ ಮಿಗಾಸ್. ಹೊಲಕ್ಕೆ ಹೋಗುವಂತಿಲ್ಲ, ಒಲೆಯ ಮುಂದೆ ಕೂತು ಕಲಕಲು ಎಲ್ಲರಿಗೂ ಪುರುಸೊತ್ತು. ಮೊದಲ ಹನಿ ಬೀಳುವ ಮುಂಚೆಯೇ ಮನೆಮನೆಯ ಚಿಮಣಿಯಿಂದ ಬೆಳ್ಳುಳ್ಳಿಯ ವಾಸನೆ ಏಳುತ್ತದೆ. ಬಿಸಿಲು ಕಾಯುವ ವಾರದ ದಿನ ಯಾರಾದರೂ ಮಿಗಾಸ್ ಕಲಕಿದರೆ, ಒಂದೋ ಅವರಿಗೆ ತಲೆ ಕೆಟ್ಟಿದೆ, ಇಲ್ಲವೇ ಮಳೆ ಬರುವುದು ಅವರಿಗೆ ಗೊತ್ತಾಗಿದೆ. ಕುಸ್ತೋದಿಯಾಳ ಅಪ್ಪ ಆಗಸ್ಟ್ ತಿಂಗಳ ಮೊದಲ ದಿನಗಳಲ್ಲಿ ಗಾಳಿ, ಮಂಜು, ಕತ್ತೆಯ ಕಿವಿ ನೋಡಿ ಇಡೀ ವರ್ಷದ ಮಳೆ ಹೇಳುತ್ತಿದ್ದ ಕುರುಬ. ಆ ಗುಣ ಮಗಳಿಗೂ ಇಳಿದುಬಂದಿದೆ ಎಂದು ಓಣಿ ನಂಬಿತ್ತು. ಹೋದ ವರ್ಷ ಇಂಥದ್ದೇ ಬಿಸಿಲಲ್ಲಿ ಅವಳು, "ಮೆಣಸಿನಕಾಯಿ ಒಳಗೆ ತಗೊಳ್ರೇ" ಎಂದು ಕಿರುಚಿದ್ದಳು. ತೆಗೆದುಕೊಂಡವರ ಮೆಣಸಿನಕಾಯಿ ಉಳಿಯಿತು, ನಕ್ಕವರದು ಆಲಿಕಲ್ಲಿಗೆ ಹೋಯಿತು.

ಕುಸ್ತೋದಿಯಾಳ ತಲೆಯಲ್ಲಿ ಆ ಹೊತ್ತು ಇದಾವುದೂ ಇರಲಿಲ್ಲ. ಇದ್ದದ್ದು ಈಜುಕೊಳ ಒಂದೇ.

ಸ್ವಲ್ಪ ಹೊತ್ತಿಗೆ ಮೇಲೆ ಸದ್ದು ಶುರುವಾಯಿತು. ಮೊದಲು ಎಲ್ಲೋ ಒಂದು ಕಿಟಕಿ ಬಡಿಯಿತು. ಯಾರೋ ಯಾರನ್ನೋ ಕೂಗಿದರು. ಏಣಿ ಎಳೆದ ಸದ್ದು, ಮೆಟ್ಟಿಲ ಮೇಲೆ ದಡದಡ ಓಡಿದ ಸದ್ದು. ಬೆನಾಸಿರದ ಮನೆಗಳು ಗುಡ್ಡದ ಮೈಮೇಲೆ ಒಂದರ ಹೆಗಲಿಗೊಂದು ಕಾಲಿಟ್ಟು ನಿಂತಿವೆ. ಕೆಳಗಿನ ಮನೆಯ ಮಾಳಿಗೆ ಮೇಲಿನ ಮನೆಯ ಬಾಗಿಲಿಗೆ ಅಂಗಳದಂತೆ ಕಾಣುತ್ತದೆ. ಯಾರ ಮಾಳಿಗೆಯಲ್ಲಿ ಏನು ನಡೆದರೂ ಎಲ್ಲರೂ ನೋಡಬಹುದು. ತನ್ನ ಬೋಳು ಮಾಳಿಗೆಯ ತಮಾಷೆ ನೋಡಲೆಂದೇ ಎಲ್ಲರೂ ಮೇಲೆ ಹತ್ತಿದ್ದಾರೆ ಎಂದುಕೊಂಡಳು ಕುಸ್ತೋದಿಯಾ.

"ಹಸಿಂತೋ, ಬಂದು ಇದನ್ನ ಕಲಕು. ನಿಲ್ಲಿಸಬೇಡ."

ಅವಳು ಏಣಿ ಹತ್ತಿದಳು. ನಿಜ, ಎಲ್ಲರೂ ಮಾಳಿಗೆಯ ಮೇಲೆಯೇ ಇದ್ದರು. ಆದರೆ ಅವಳನ್ನು ನೋಡುತ್ತಿರಲಿಲ್ಲ. ಮೇಲಿನ ಮನೆಯ ಬ್ಲಾಸಾ ಅಂಜೂರ ಒಣಗಿಸಿದ್ದ ಚಾಪೆಗಳನ್ನು ಗಡಿಬಿಡಿಯಲ್ಲಿ ಎಳೆಯುತ್ತಿದ್ದಳು. ಅವಳ ಸೊಸೆ ನಾತಿ ಮೆಣಸಿನಕಾಯಿಯ ಸರಗಳನ್ನು ತೋಳಿಗೆ, ಕೊರಳಿಗೆಲ್ಲ ಹಾಕಿಕೊಂಡು ಒಳಗೆ ಓಡುತ್ತಿದ್ದಳು. ಆಚೆ ಬಾದಾಮಿ, ಈಚೆ ಜೋಳದ ತೆನೆ. ಓಣಿಯುದ್ದಕ್ಕೂ ಮಾಳಿಗೆಗಳು ಕ್ಷಣಕ್ಷಣಕ್ಕೂ ಖಾಲಿಯಾಗುತ್ತಿದ್ದವು. ಇವರಿಗೆಲ್ಲ ಏನಾಯಿತು ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಆರು ತಿಂಗಳಿಂದ ಆ ಬಾಯಿಗಳ ಜೊತೆ ಮಾತೇ ಇರಲಿಲ್ಲವಲ್ಲ.

ಅಷ್ಟರಲ್ಲಿ ಹಿಂದೆ ಏನೋ ಸರಿದಂತಾಯಿತು. ಅವಳ ಮನೆಗೂ ಗಾಬಿನೋನ ಮನೆಗೂ ನಡುವೆ ಇರುವುದು ಓಣಿ ಮಾತ್ರ. ಓಣಿಯ ಮೇಲೆ ತೊಲೆ ಹಾಸಿ ಅವಳ ಮಲಗುವ ಕೋಣೆಯನ್ನು ಕಟ್ಟಿದೆ, ಅದರ ಕೊನೆ ಗಾಬಿನೋನ ಗೋಡೆಗೆ ಆತುಕೊಂಡಿದೆ. ಯಾರ ಮುತ್ತಜ್ಜ ಯಾರ ಮುತ್ತಜ್ಜನಿಗೆ ಗೋಡೆ ಕೊಟ್ಟನೋ ಯಾರಿಗೂ ಗೊತ್ತಿಲ್ಲ. ಹಾಗಾಗಿ ಗಾಬಿನೋ ತನ್ನ ಮಾಳಿಗೆಯಿಂದ ಅವಳ ಮಾಳಿಗೆಗೆ ಬರಬೇಕಾದರೆ ಒಂದು ಕಾಲು ಎತ್ತಿಟ್ಟರೆ ಸಾಕು. ಈಗ ಎತ್ತಿಟ್ಟು ಬಂದು ನಿಂತಿದ್ದ. ಹೆಗಲ ಮೇಲೆ ಬುಟ್ಟಿ.

"ಏನು?" ಎಂದಳು ಕುಸ್ತೋದಿಯಾ.

"ಏನಿಲ್ಲ."

"ಏನಿಲ್ಲ ಅಂದ್ರೆ ಬುಟ್ಟಿ ಯಾಕೆ?"

"ನಿನಗಲ್ಲ. ನನ್ನ ಗೋಡೆಗೆ." ಗಾಬಿನೋ ಅವಳ ಮುಖ ನೋಡದೆ ಚಪ್ಪಡಿಗಳ ಮೇಲೆ ಕಣ್ಣಾಡಿಸಿದ. ಎತ್ತರದ ಒಣಕಲು ಗಂಡಸು, ಮಾತನ್ನು ಕೆಮ್ಮಿನ ಹಾಗೆ ತುಂಡು ತುಂಡಾಗಿ ಹೊರಗೆ ಬಿಡುವವನು. "ಇಲ್ಲಿ ನೆನೆದ್ರೆ ನೀರು ಎಲ್ಲಿಗೆ ಹೋಗುತ್ತೆ? ನನ್ನ ಗೋಡೆಗೆ. ಗೋಡೆ ಆಚೆ ಹಂದಿ ತೊಡೆ ನೇತುಹಾಕಿದ್ದೀನಿ. ಎರಡು ವರ್ಷದ್ದು. ಬೂಜು ಹಿಡಿದ್ರೆ ನಿನ್ನ ಗಂಡ ಕೊಡ್ತಾನಾ?"

"ನನ್ನ ಗಂಡನ ಹತ್ತಿರ ಇರೋದು ಎರಡೇ ತೊಡೆ. ಎರಡೂ ಸರಿಯಿಲ್ಲ."

ಗಾಬಿನೋನ ತುಟಿಯ ಮೂಲೆ ಸ್ವಲ್ಪ ಅಲ್ಲಾಡಿತು. ಅದನ್ನು ನಗು ಅನ್ನಲಾಗದು. ಅವನು ಏಣಿಯಿಳಿದು ಹೋಗಿ ಲೌನಾ ತುಂಬಿದ ಮೊದಲ ಬುಟ್ಟಿ ಹೊತ್ತು ತಂದು ಮೇಲಿನ ಅಂಚಿನಲ್ಲಿ ಸುರಿದ.

ಕುಸ್ತೋದಿಯಾ ಅವನನ್ನು ತಡೆಯಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಏಣಿಯ ಮೇಲೆ ಬ್ಲಾಸಾಳ ತಲೆ ಕಾಣಿಸಿತು. ಊರಿನ ಬ್ರೆಡ್ ಒಲೆ ಅವಳದು. ತೋಳುಗಳು ಕಂಬದ ಹಾಗೆ, ಬಾಯಿ ಅದಕ್ಕಿಂತ ಗಟ್ಟಿ.

"ಏನೇ, ಎಲ್ಲಿ ನಿನ್ನ ಕೂಲಿ ಸಾಹೇಬರು? ಕೈಗವಸು ಹಾಕ್ಕೊಂಡು ಮಣ್ಣು ಮುಟ್ತಿದ್ರಲ್ಲ?"

"ಈಜುಕೊಳ ಕಟ್ಟೋಕೆ ಹೋಗಿದ್ದಾರೆ."

"ಅಯ್ಯೋ ಪಾಪ. ಅಲ್ಲಿ ನೀರು ನಿಲ್ಲಬೇಕು, ಇಲ್ಲಿ ನಿಲ್ಲಬಾರದು. ಅವರಿಗೂ ತಲೆ ಕೆಟ್ಟಿರುತ್ತೆ." ಬ್ಲಾಸಾ ಮೇಲೆ ಬಂದು ಸಲಿಕೆ ಊರಿದಳು. "ಸರಿ ಆಚೆ. ನಿಂತ್ಕೊಂಡು ನೋಡೋಕೆ ಬಂದಿಲ್ಲ."

"ನಾನು ಯಾರನ್ನೂ ಕರೆದಿಲ್ಲ, ಬ್ಲಾಸಾ."

"ಕರೆದಿದ್ರೆ ಬರ್ತಿರಲಿಲ್ಲ."

ಅವಳ ಹಿಂದೆ ನಾತಿ, ನಾತಿಯ ಹಿಂದೆ ಅವಳ ಗಂಡ, ಆಮೇಲೆ ಕೆಳಗಿನ ಮನೆಯ ಅಣ್ಣತಮ್ಮಂದಿರು, ಚರ್ಚಿನ ಗಂಟೆ ಬಾರಿಸುವ ಮುದುಕ. ಎಲ್ಲರೂ ನೇರ ಕೆಲಸಕ್ಕಿಳಿದರು. ಓಣಿಯಿಂದ ಏಣಿಯ ಬುಡ, ಏಣಿಯ ಬುಡದಿಂದ ತುದಿ, ತುದಿಯಿಂದ ಮಾಳಿಗೆ. ಬುಟ್ಟಿಗಳು ಕೈಯಿಂದ ಕೈಗೆ ಏರತೊಡಗಿದವು. ಖಾಲಿಯಾದವು ಮೇಲಿನಿಂದ ಓಣಿಗೆ ಹಾರಿ ಬೀಳುತ್ತಿದ್ದವು. ನಾಲ್ವರು ಸಾಲಾಗಿ ನಿಂತು ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಮಣ್ಣು ತುಳಿಯುತ್ತ ಬಂದರು. ಕುಸ್ತೋದಿಯಾಳ ಕಾಲುಗಳು ತಾವಾಗಿಯೇ ಆ ಸಾಲಿಗೆ ಸೇರಿದವು. ಒಂದು ಕಡೆ ಗಾಬಿನೋ, ಇನ್ನೊಂದು ಕಡೆ ನಾತಿ. ಮಣ್ಣು ಕಾಲಡಿಯಲ್ಲಿ ತಣ್ಣಗೆ, ರೇಷ್ಮೆಯ ಹಾಗೆ ಜಾರುತ್ತಿತ್ತು. ಅದರಲ್ಲಿ ಒಂದು ಕಣ ಮರಳಿಲ್ಲ ಎಂದು ಹೇಳಬೇಕೆಂದು ಅವಳ ನಾಲಗೆ ತುರಿಸಿತು. ಹೇಳಲಿಲ್ಲ.

ಬೇಡ ಎಂದರೂ ಬಂದರಲ್ಲ ಎನ್ನಿಸಿತು. ಬೇಡ ಎಂದಿದ್ದು ತಾನೇ, ಬರಲಿಲ್ಲವೆಂದು ಒಂದು ವಾರ ಹಲ್ಲು ಕಡಿದದ್ದೂ ತಾನೇ.

ಮಾಳಿಗೆ ಅರ್ಧ ಮುಗಿದಿರಬೇಕು, ನಾತಿ ಬೆವರು ಒರೆಸಿಕೊಳ್ಳುತ್ತ ಕೇಳಿದಳು. ಅವಳು ಮದುವೆಯಾಗಿ ಈ ಊರಿಗೆ ಬಂದು ಒಂದು ವರ್ಷವಾಗಿತ್ತು, ಓಣಿಯ ಹಿರಿಯ ಹೆಂಗಸರನ್ನೆಲ್ಲ ಅತ್ತೆ ಎನ್ನುತ್ತಿದ್ದಳು.

"ಅತ್ತೆ, ಊಟದ ಹೊತ್ತಿಗೆ ಬರುತ್ತಾ, ಸಂಜೆಗಾ?"

"ಏನು?"

"ಮಳೆ."

"ಯಾವ ಮಳೆ?"

ನಾತಿ ಅವಳನ್ನು ನೋಡಿ, ಆಕಾಶ ನೋಡಿ, ಮತ್ತೆ ಅವಳನ್ನು ನೋಡಿದಳು. "ಬೆಳಿಗ್ಗೆಯಿಂದ ನಿಮ್ಮನೆ ಮಿಗಾಸ್ ವಾಸನೆ ಬರ್ತಿದೆಯಲ್ಲ. ಅಂಜೂರ ಒಳಗಿಡೇ, ಕುಸ್ತೋದಿಯಾ ಕಲಕ್ತಿದ್ದಾಳೆ ಅಂತ ನಮ್ಮತ್ತೆ ಒಲೆ ಬಿಟ್ಟು ಓಡಿಬಂದ್ರು."

ಕುಸ್ತೋದಿಯಾಳ ಕಾಲು ನಿಂತಿತು.

ಖಾಲಿಯಾದ ಮಾಳಿಗೆಗಳನ್ನು ನೋಡಿದಳು. ಒಂದು ಅಂಜೂರವೂ ಹೊರಗಿರಲಿಲ್ಲ. ಇವರಾರೂ ತನ್ನ ಮುಖ ನೋಡಿ ಬಂದವರಲ್ಲ. ಮಳೆ ಬರುತ್ತದೆ, ಬೋಳು ಮಾಳಿಗೆಯ ಕೆಳಗೆ ಮನೆ ಮುಳುಗುತ್ತದೆ ಎಂದು ಕರುಣೆಯಿಂದ ಬಂದವರು. ಆ ಮಳೆಯೋ, ಇಲ್ಲವೇ ಇಲ್ಲ. ಸಿಯೆರ್ರಾದ ತುದಿಯಿಂದ ಸಮುದ್ರದ ಕಡೆಯ ಮಸುಕು ಗೆರೆಯ ತನಕ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು.

ಏಣಿಯ ಬುಡದಲ್ಲಿ ಸಟ್ಟುಗ ಹಿಡಿದು ನಿಂತಿದ್ದ ಹಸಿಂತೋ ಎಲ್ಲ ಕೇಳಿಸಿಕೊಂಡಿದ್ದ. ಹೆಂಡತಿಯ ಮುಖ ಕಂಡು ತಲೆಯನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಅಲ್ಲಾಡಿಸಿದ. ಬಾಯಿ ಬಿಡಬೇಡ, ಮಾರಾಯ್ತಿ. ಇನ್ನರ್ಧ ಉಳಿದಿದೆ. ನಾಳೆ ಅಮಾವಾಸ್ಯೆ.

ಅವಳು ಬಾಯಿ ಬಿಡಲಿಲ್ಲ. ತುಳಿದಳು. ಎಂದೂ ಇಲ್ಲದ ಹಾಗೆ ತುಟಿ ಬಿಗಿದುಕೊಂಡು ತುಳಿದಳು. ಮನಸ್ಸಿಗೆ ಬಂದದ್ದನ್ನು ಅಲ್ಲೇ ಉಗಿಯದೆ ಇಷ್ಟು ಹೊತ್ತು ಅವಳು ಬದುಕಿದ್ದೇ ಇಲ್ಲ. ಒಂದೊಂದು ಬುಟ್ಟಿ ಬಂದಾಗಲೂ ಆ ಮಾತು ಗಂಟಲಿಗೆ ಬಂದು ಕೂರುತ್ತಿತ್ತು. ಗಂಟೆ ಬಾರಿಸುವ ಮುದುಕ ಎರಡೆರಡು ಸಲ ಆಕಾಶ ನೋಡಿದ. ಕೆಳಗಿನ ಮನೆಯ ಅಣ್ಣತಮ್ಮಂದಿರಲ್ಲಿ ಒಬ್ಬ ಶರ್ಟು ಬಿಚ್ಚಿ, "ಮಳೆ ಬರೋ ಸೆಕೆ ಇದು," ಎಂದ. ಇನ್ನೊಬ್ಬ, "ಒಂದು ಮೋಡ ಇಲ್ಲವಲ್ಲೋ," ಎಂದ.

"ಮೋಡ ಕಾಣಬೇಕಾ?" ಎಂದ ಗಾಬಿನೋ, ತುಳಿಯುವುದನ್ನು ನಿಲ್ಲಿಸದೆ. "ಇವರಪ್ಪ ಮೋಡ ನೋಡಿ ಹೇಳ್ತಿದ್ನಾ? ಇವಳು ಒಂದು ಮಾತು ಅಂದ್ರೆ ಮುಗೀತು. ಬಾಯಿ ಕೆಟ್ಟದ್ದೇ, ಸುಳ್ಳು ಮಾತ್ರ ಅದರಲ್ಲಿ ಬಂದಿಲ್ಲ."

ಇದನ್ನು ಬೇರೆ ಯಾರಾದರೂ ಹೇಳಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

"ಮಳೆ ಇಲ್ಲ," ಎಂದಳು ಕುಸ್ತೋದಿಯಾ.

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ.

"ಮಳೆ ಬರಲ್ಲ. ಇವತ್ತೂ ಇಲ್ಲ, ನಾಳೆಯೂ ಇಲ್ಲ. ಆ ಕೂಲಿಯವರಿಗೆ ಊಟಕ್ಕೆ ಅಂತ ಮಿಗಾಸ್ ಇಟ್ಟೆ, ಅಷ್ಟೇ. ನೀವು ಅಂಜೂರ ಒಳಗಿಟ್ಟಿದ್ದು ಈಗಷ್ಟೇ ಗೊತ್ತಾಯ್ತು. ಈಗಷ್ಟೇ ಅಂದ್ರೆ, ಸ್ವಲ್ಪ ಮುಂಚೆ." ಉಸಿರು ಎಳೆದುಕೊಂಡಳು. "ಹೋಗೋರು ಹೋಗಬಹುದು."

ಏಣಿಯ ಬುಡದಲ್ಲಿ ಹಸಿಂತೋ ಸಟ್ಟುಗದಿಂದ ಹಣೆ ಚಚ್ಚಿಕೊಂಡ.

ಮೊದಲು ಸ್ಫೋಟಿಸಿದ್ದು ಬ್ಲಾಸಾ. "ನಾಲ್ಕು ಚಾಪೆ ಅಂಜೂರ ಕಣೇ. ಅರ್ಧ ಒಣಗಿದ್ದು. ಒಂದರ ಮೇಲೊಂದು ಸುರಿದು ಬಂದಿದ್ದೀನಿ. ಇಷ್ಟೊತ್ತಿಗೆ ಅಂಟಿಕೊಂಡು ಮುದ್ದೆ ಆಗಿರುತ್ತೆ. ಒಲೇಲಿ ಬ್ರೆಡ್ ಬೇರೆ ಬಿಟ್ಟು ಬಂದೆ."

"ನಾನು ಹೇಳಿದ್ನಾ ಒಳಗಿಡು ಅಂತ?"

"ನಿನ್ನ ಒಲೆ ಹೇಳ್ತು."

"ನನ್ನ ಒಲೆ, ನನ್ನ ಬೆಳ್ಳುಳ್ಳಿ. ನಾನು ಏನು ಬೇಯಿಸ್ತೀನಿ ಅಂತ ಕಾರಂಜಿ ಹತ್ತಿರ ಡಂಗುರ ಹೊಡಿಸಬೇಕಾ?"

"ಹೊಡಿಸು. ಬಿಸಿಲಲ್ಲಿ ಮಿಗಾಸ್ ಮಾಡೋ ಹುಚ್ಚಿ ಹೊಡಿಸಲೇಬೇಕು."

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಬಾದಾಮಿ ಚೀಲ ಹೊತ್ತು ಬೆನ್ನು ಹಿಡಿದಿದೆ ಎಂದು ಒಬ್ಬ, ಮೆಣಸಿನಕಾಯಿ ಸರ ಹರಿಯಿತು ಎಂದು ನಾತಿಯ ಗಂಡ. ಕುಸ್ತೋದಿಯಾ ಒಬ್ಬೊಬ್ಬರಿಗೂ ತಿರುಗಿ ತಿರುಗಿ ಉತ್ತರ ಕೊಡುತ್ತಿದ್ದಳು. ಆ ಗಲಾಟೆಯ ನಡುವೆ ಬುಟ್ಟಿಗಳು ಮಾತ್ರ ಏರುತ್ತಲೇ ಇದ್ದವು. ಬೈಯುತ್ತ ಬೈಯುತ್ತಲೇ ಬ್ಲಾಸಾ ಮಣ್ಣು ಎಳೆದು ಹರಡುತ್ತಿದ್ದಳು. ಅದನ್ನು ಮೊದಲು ಗಮನಿಸಿದವಳು ನಾತಿ.

"ಹೋಗೋದಾ, ಇರೋದಾ?" ಎಂದಳು, ಯಾರನ್ನೂ ನೋಡದೆ.

"ಎಲ್ಲಿಗೆ ಹೋಗ್ತೀಯಾ?" ಎಂದ ಗಾಬಿನೋ. "ಅರ್ಧಕ್ಕೆ ನಿಂತ್ರೆ ಸಂದು ಬೀಳುತ್ತೆ. ಈಗಿನ ಮಣ್ಣಿಗೂ ಆಮೇಲಿನ ಮಣ್ಣಿಗೂ ನಂಟು ಕೂಡಲ್ಲ. ನೀರು ಬೇರೆಲ್ಲೂ ಇಳಿಯಲ್ಲ, ಆ ಸಂದನ್ನೇ ಹುಡುಕ್ಕೊಂಡು ಬರುತ್ತೆ. ನನ್ನನ್ನ ಕೇಳು. ನನ್ನ ಮಾಳಿಗೆ ಮೂಲೇಲಿ ಒಂದಿದೆ. ಮೇ ತಿಂಗಳಲ್ಲಿ ನಾಲ್ಕು ಹನಿ ಬಿತ್ತು, ನಾಲ್ಕೂ ನನ್ನ ಸೂಪಿನ ಬಟ್ಟಲಿಗೇ ಬಿತ್ತು."

ಅದು ಯಾರ ಮೂಲೆ ಎಂದು ಅವನು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. ವಸಂತದಲ್ಲಿ ಬುಟ್ಟಿ ಕೆಳಗಿಟ್ಟು ಯಾರು ಎಲ್ಲಿಂದ ಎದ್ದುಹೋದರೆಂದು ಮಾಳಿಗೆಯ ಮೇಲಿದ್ದ ಪ್ರತಿಯೊಬ್ಬರಿಗೂ ನೆನಪಿತ್ತು. ಕುಸ್ತೋದಿಯಾ ಉತ್ತರ ಕೊಡಲು ಬಾಯಿ ತೆರೆದಳು. ಬಾಯಿಯಲ್ಲಿ ಏನೂ ಇರಲಿಲ್ಲ. ಮುಚ್ಚಿದಳು.

"ನೋಡ್ರೋ," ಎಂದಳು ಬ್ಲಾಸಾ, "ಮಳೆ ಬಂದೇ ಬರುತ್ತೆ ಈಗ."

ಗಂಟೆ ಬಾರಿಸುವ ಮುದುಕ ಕೆಮ್ಮು ಹತ್ತುವ ತನಕ ನಕ್ಕ. ಒಂದು ಕ್ಷಣ ತಡೆದು ಕುಸ್ತೋದಿಯಾಳೂ ನಕ್ಕಳು, ಮೂಗಿನಿಂದ, ಒಲ್ಲದ ಮನಸ್ಸಿನಿಂದ. ಆಮೇಲೆ ಕೆಲಸ ಬೇಗ ಸಾಗಿತು. ಕೆಳಗಿನ ಅಂಚು ಮುಟ್ಟಿದಾಗ ಸೂರ್ಯ ನೆತ್ತಿ ದಾಟಿದ್ದ. ಅಂಚಿನ ಚಪ್ಪಡಿ ಗಾಳಿಗೆ ಏಳದಂತೆ ಮೇಲೆ ಭಾರದ ಕಲ್ಲು ಹೇರಿದರು. ಹೊಸ ಮಾಳಿಗೆ ನೀಲಿಬೂದಾಗಿ, ನುಣ್ಣಗೆ, ನಡುವೆ ಒಂದು ಗೆರೆಯೂ ಇಲ್ಲದೆ ಬಿದ್ದುಕೊಂಡಿತ್ತು. ಅದರ ಮೇಲೆ ಹತ್ತು ಹನ್ನೆರಡು ಜನರ ಪಾದದ ಗುರುತು. ಮೊದಲ ಮಳೆಗೆ ಅವು ಅಳಿಸಿಹೋಗುತ್ತವೆ.

ಮಲಗುವ ಕೋಣೆಯ ಕೆಳಗಿನ ನೆರಳಲ್ಲಿ, ಓಣಿಯಲ್ಲೇ, ಬಾಣಲೆ ಇಳಿಯಿತು. ಹಸಿಂತೋ ಕಲಕಿದ್ದು ಚೆನ್ನಾಗಿಯೇ ಬಂದಿತ್ತು. ತಳ ಸ್ವಲ್ಪ ಹಿಡಿದಿತ್ತು, ಅದನ್ನೇ ಎಲ್ಲರೂ ಬಯಸಿ ಕೆರೆದರು. ಹುರಿದ ಮೆಣಸಿನಕಾಯಿ, ಮೀನು, ಹಣ್ಣಾದ ದ್ರಾಕ್ಷಿ, ದಾಳಿಂಬೆ. ಎಲ್ಲರೂ ಸುತ್ತ ನಿಂತು ಒಂದೇ ಬಾಣಲೆಗೆ ಚಮಚ ಹಾಕಿದರು. ನಾಲ್ವರಿಗೆಂದು ಮಾಡಿದ್ದು ಎಷ್ಟು ಹೊತ್ತು ಇರುತ್ತದೆ? ಕುಸ್ತೋದಿಯಾ ಇನ್ನೊಂದು ಬಾಣಲೆ ಇಡಲು ಎದ್ದಾಗ ಬ್ಲಾಸಾ ಅವಳ ಸೆರಗಿನಂತೆ ಇಳಿಬಿದ್ದಿದ್ದ ಏಪ್ರನ್ನಿನ ತುದಿ ಹಿಡಿದಳು.

"ಬೇಡಮ್ಮಾ. ಒಂದು ಬಾಣಲೆಗೆ ಓಣಿಯವರು ಅಂಜೂರ ಎತ್ತಿದ್ರು. ಇನ್ನೊಂದು ಇಟ್ರೆ ಪಕ್ಕದೂರಿನವರು ಕುರಿ ಹೊಡ್ಕೊಂಡು ಬರ್ತಾರೆ."

"ಬ್ರೆಡ್ ತಿನ್ನೋಣ ಅಂದ್ರೆ ನಿನ್ನದು ಸುಟ್ಟು ಕರಕಲಾಗಿದೆ."

"ಅದನ್ನೂ ನಿನ್ನ ಲೆಕ್ಕಕ್ಕೇ ಬರ್ಕೊಂಡಿದ್ದೀನಿ."

ಕುಸ್ತೋದಿಯಾ ಇಟ್ಟೇ ಇಟ್ಟಳು. ವೈನ್ ಜಗ್ಗು ಎರಡು ಸುತ್ತು ಬಂತು. ಮಾತು ತೆಳ್ಳಗಾಗಿ, ಹೊಟ್ಟೆ ಭಾರವಾಗಿ, ಒಬ್ಬೊಬ್ಬರೇ ಗೋಡೆಗೆ ಒರಗಿದರು. ಆಗ ಗಂಟೆ ಬಾರಿಸುವ ಮುದುಕ ಮೇಲೆ ಬೆಟ್ಟು ಮಾಡಿ ತೋರಿಸಿದ. ಬಿಸಿಲು ಇನ್ನೂ ಚೆನ್ನಾಗಿತ್ತು. ಮಾಳಿಗೆಗಳು ಖಾಲಿ ಬಿದ್ದಿದ್ದವು.

"ಅದನ್ನೆಲ್ಲ ಮತ್ತೆ ಮೇಲೆ ಹೊರೋರು ಯಾರು?"

ಎಲ್ಲರೂ ಕುಸ್ತೋದಿಯಾಳನ್ನು ನೋಡಿದರು.

"ಸಾಯ್ರಿ ಎಲ್ಲರೂ," ಎಂದು ಅವಳು ಎದ್ದಳು.

ಮೊದಲು ಬ್ಲಾಸಾಳ ಮನೆ. ಅಂಜೂರ ನಿಜವಾಗಿಯೂ ಅಂಟಿಕೊಂಡಿದ್ದವು. ನಾತಿ ಬೇಡವೆಂದರೂ ಕೇಳದೆ ಕುಸ್ತೋದಿಯಾ ಒಂದೊಂದನ್ನೇ ಬಿಡಿಸಿ, ತೊಟ್ಟು ಮೇಲಾಗಿ ಚಾಪೆಯ ಮೇಲೆ ಜೋಡಿಸಿದಳು. ಆಮೇಲೆ ಅಣ್ಣತಮ್ಮಂದಿರ ಬಾದಾಮಿ, ಗಂಟೆಯ ಮುದುಕನ ಜೋಳದ ತೆನೆ. ಆರು ತಿಂಗಳಿಂದ ಮೆಟ್ಟದ ಹೊಸ್ತಿಲುಗಳನ್ನೆಲ್ಲ ಅವಳು ಗೊಣಗುತ್ತ ದಾಟಿದಳು. ಒಂದು ಮನೆಯಲ್ಲಿ ಮೆಟ್ಟಿಲು ಸರಿಯಿಲ್ಲ, ಇನ್ನೊಂದರಲ್ಲಿ ಬೆಕ್ಕು ಕಾಲಿಗೆ ಸಿಕ್ಕಿತು. ಪ್ರತಿ ಮನೆಯಲ್ಲೂ ಏನಾದರೂ ಬಾಯಿಗೆ ಹಾಕಿದರು: ಸೋಂಪಿನ ಬಿಸ್ಕತ್ತು, ಒಂದು ತುಂಡು ಮೇಕೆ ಹಾಲಿನ ಚೀಸ್, ಜೇನಲ್ಲಿ ಹಾಕಿದ ಬಾದಾಮಿ. ಎಲ್ಲವನ್ನೂ ತಿಂದಳು. ಚೀಸಿಗೆ ಉಪ್ಪು ಜಾಸ್ತಿ ಎಂದಳು. ಹೌದು, ಜಾಸ್ತಿಯಾಗಿದೆ ಎಂದರು ಅವರು.

ಕೊನೆಗೆ ಉಳಿದದ್ದು ಗಾಬಿನೋನ ಮನೆ. ಅವನು ಒಣಗಿಸಲು ಹಾಕಿದ್ದು ಒಂದೇ ಚಾಪೆ ಅಂಜೂರ. ಒಬ್ಬನಿಗೆ ಎಷ್ಟು ಬೇಕು. ಆ ಚಾಪೆಯನ್ನು ಅವಳು ಮೇಲೆ ಒಯ್ದು ಬಿಸಿಲು ಬೀಳುವಲ್ಲಿ ಹಾಸಿದಳು. ಗಾಬಿನೋ ಮೆಟ್ಟಿಲ ತುದಿಯಲ್ಲಿ ಕೂತು ಬೀಡಿ ಸುತ್ತುತ್ತಿದ್ದ. ಅವಳು ಅವನನ್ನು ಏನೂ ಕೇಳದೆ ನೇರವಾಗಿ ಆ ಮೂಲೆಗೆ ಹೋದಳು. ಸಂದು ಕಾಣುತ್ತಿತ್ತು, ಕೂದಲೆಳೆಯಷ್ಟು. ಬಗ್ಗಿ ಬೆರಳಿಂದ ಕೆರೆದು, ಮಣ್ಣನ್ನು ಅಂಗೈಯಲ್ಲಿ ಉಜ್ಜಿ ನೋಡಿದಳು.

"ಮರಳಿದೆ," ಎಂದಳು.

"ಇದೆ," ಎಂದ ಗಾಬಿನೋ. "ದಾರಿ ಹತ್ತಿರ ಅಂತ ಈಚೆ ದಿಣ್ಣೇದು ತಂದೆ."

"ಅವತ್ತು ಒಪ್ಪಿಕೊಂಡಿದ್ರೆ ಏನಾಗ್ತಿತ್ತು?"

"ಅವತ್ತು ನೀನು ಮೆತ್ತಗೆ ಹೇಳಿದ್ರೆ ಏನಾಗ್ತಿತ್ತು?"

ಕುಸ್ತೋದಿಯಾ ಮಾಳಿಗೆಯ ಅಂಚಿಗೆ ಹೋಗಿ ಕೆಳಗೆ ಕೂಗಿದಳು. "ಹಸಿಂತೋ, ಬಾಗಿಲಲ್ಲಿ ಮಣ್ಣು ಎಷ್ಟು ಮಿಕ್ಕಿದೆ?"

"ಎಂಟು ಬುಟ್ಟಿ ಆಗಬಹುದು. ಯಾಕೆ?"

"ಬ್ಲಾಸಾಗೆ ಸಲಿಕೆ ತಗೊಂಡು ಬಾ ಅನ್ನು."

"ಈಗಾ?" ಎಂದ ಗಾಬಿನೋ. ಬೀಡಿ ಹೊತ್ತಿಸಲು ಮರೆತು ಎದ್ದು ನಿಂತಿದ್ದ. "ಎಲ್ಲರೂ ಉಂಡು ಬಿದ್ಕೊಂಡಿದ್ದಾರೆ. ಒಂದು ಮೂಲೆಗೆ ಯಾರು ಬರ್ತಾರೆ?"

"ನಾಳೆ ಅಮಾವಾಸ್ಯೆ ಕಣಯ್ಯಾ. ಬರದಿದ್ರೆ ನಾನೊಬ್ಬಳೇ ಹಾಕ್ತೀನಿ." ಅವಳು ಆಗಲೇ ಮೊಣಕಾಲೂರಿ ಕೂತು ಸಂದಿನ ಎರಡೂ ಬದಿಯ ಮಣ್ಣನ್ನು ಅಗಲವಾಗಿ ಕೆರೆಯತೊಡಗಿದ್ದಳು.

ಕೆಳಗೆ ಓಣಿಯಲ್ಲಿ ಬ್ಲಾಸಾಳ ಬೈಗುಳ ಶುರುವಾಯಿತು. ಅದು ಏಣಿಯ ಕಡೆಗೆ ಬರುತ್ತಿತ್ತು. ಗಾಬಿನೋ ಬೀಡಿಯನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಬುಟ್ಟಿ ತರಲು ಇಳಿದ.